ಇಂಗ್ಲಿಷ್ ಪರೀಕ್ಷೆ: ಭಯ ಬೇಡ, ಅಭ್ಯಾಸ ಬೇಕು

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುವ ಹೊತ್ತಿಗೆ, ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. ಮದುವೆ, ಜಾತ್ರೆಗಳಿಗೆ ಹೋಗುವುದನ್ನು ತಾಯಂದಿರು ಮುಂದೂಡುತ್ತಾರೆ. ಆ ದಿನಗಳಲ್ಲಿ ನಮ್ಮಲ್ಲಿಗೆ ಬರುವ ತಂದೆತಾಯಿಗಳು ತೋಡಿಕೊಳ್ಳುವ ಅಳಲು ಬಹುಮಟ್ಟಿಗೆ ಒಂದೇ: "ಉಳಿದದ್ದೆಲ್ಲ ಹೆಂಗರ ಆಗ್ತೈತ್ರಿ ಅಜ್ಜಾರ, ಇಂಗ್ಲಿಷಿಂದಽ ಚಿಂತಿ." ಈ ಚಿಂತೆ ಹಳ್ಳಿಯ ಮನೆಗಳಲ್ಲಿ ಹೆಚ್ಚು. ಗಣಿತದ ಲೆಕ್ಕ ತಪ್ಪಿದರೆ ಹೇಳಿಕೊಡಲು ಊರಿನಲ್ಲಿ ಯಾರಾದರೂ ಸಿಗುತ್ತಾರೆ. ಇಂಗ್ಲಿಷ್ ವಾಕ್ಯ ತಪ್ಪಿದರೆ, ಅದು ತಪ್ಪು ಎಂಬುದನ್ನು ತಿಳಿಸುವವರೇ ಅನೇಕ ಮನೆಗಳಲ್ಲಿ ಇಲ್ಲ.

ನಾವು ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಬೆಳಗಿನ ಜಾವ ಎದ್ದು ಶಬ್ದರೂಪ, ಧಾತುರೂಪಗಳನ್ನು ಒಪ್ಪಿಸಿ, ಅಮರಕೋಶವನ್ನು ಕಂಠಪಾಠ ಮಾಡಿ, ಆ ಬಳಿಕ ಲಘುಸಿದ್ಧಾಂತಕೌಮುದಿಗೆ ಬಂದವರು. ಇಂಗ್ಲಿಷು ನಮ್ಮ ಪಾಲಿಗೆ ಹಿಂದಿನ ಬಾಗಿಲಿನಿಂದ ಬಂದ ವಿದ್ಯೆ. ಆದರೂ ಕಳೆದ ಮೂವತ್ತು ವರ್ಷಗಳಿಂದ ಪ್ರಸಾದನಿಲಯದ ಮಕ್ಕಳಿಗೆ ಸಂಜೆಯ ಹೊತ್ತು ಆ ಪಾಠವನ್ನು ಹೇಳಿಕೊಡುತ್ತ ಬಂದಿದ್ದೇವೆ. ವ್ಯಾಕರಣವನ್ನು ವ್ಯಾಕರಣವೆಂದು ಕಲಿತವರಿಗೆ ಇನ್ನೊಂದು ಭಾಷೆಯ ಕಟ್ಟು ಬೇಗ ಕಾಣಿಸುತ್ತದೆ ಎಂಬುದು ನಮ್ಮ ಅನುಭವ. ಒಂದು ಭಾಷೆಯ ನಿಯಮವನ್ನು ಮತ್ತೊಂದು ಭಾಷೆಯ ಮೂಲಕ ತಿಳಿಯುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. 1853ರಲ್ಲಿ ಜರ್ಮನಿಯಿಂದ ಬಂದ ಕಿಟೆಲ್ ಅವರು ಇಲ್ಲಿಯ ಜನರ ನಡುವೆ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಪರದೇಶದ ತರುಣನಿಗೆ ನಮ್ಮ ಭಾಷೆ ಒಲಿಯಿತೆಂದ ಮೇಲೆ, ನಮ್ಮ ಮಕ್ಕಳಿಗೆ ಇಂಗ್ಲಿಷು ಒಲಿಯಲಾರದೆಂದು ತಿಳಿಯಲು ಕಾರಣವಿಲ್ಲ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ಕನ್ನಡವನ್ನು ಪ್ರಥಮ ಭಾಷೆಯನ್ನಾಗಿ ಓದುವ ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷು ಸಾಮಾನ್ಯವಾಗಿ ದ್ವಿತೀಯ ಭಾಷೆ. ಪ್ರಥಮ ಭಾಷೆಗೆ 125 ಅಂಕಗಳಾದರೆ ದ್ವಿತೀಯ ಭಾಷೆಗೆ 100. ಅದರಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪಾಠ ಪದ್ಯಗಳ ಪ್ರಶ್ನೆಗಳಲ್ಲದೆ ವ್ಯಾಕರಣ, ಪದಸಂಪತ್ತು, ಪತ್ರ, ಪ್ರಬಂಧ, ಸುಳಿವುಗಳಿಂದ ಕಥೆ ಬೆಳೆಸುವುದು, ಕೊಟ್ಟ ವಿವರಗಳಿಂದ ವ್ಯಕ್ತಿಪರಿಚಯ ಬರೆಯುವುದು ಇವೆಲ್ಲ ಅಲ್ಲಿರುತ್ತವೆ. ಪಾಠಗಳ ಉತ್ತರವನ್ನು ಕಂಠಪಾಠ ಮಾಡಬಹುದು. ಉಳಿದವುಗಳಿಗೆ ಅಭ್ಯಾಸವೊಂದೇ ದಾರಿ.

ವ್ಯಾಕರಣದಲ್ಲಿ ಮಕ್ಕಳು ತಪ್ಪುವುದು ದಡ್ಡತನದಿಂದಲ್ಲ. ಅವರ ತಪ್ಪುಗಳಲ್ಲಿ ಬಹುಪಾಲು ಕನ್ನಡದ ಸರಿಗಳೇ. ಒಂದು ಉದಾಹರಣೆ ನೋಡಿರಿ. 'ನಾಯಿಯು ಹುಡುಗನನ್ನು ಕಚ್ಚಿತು' ಎಂಬ ವಾಕ್ಯವನ್ನು 'ಹುಡುಗನನ್ನು ನಾಯಿಯು ಕಚ್ಚಿತು' ಎಂದರೂ ಅರ್ಥ ಕೆಡುವುದಿಲ್ಲ. ಏಕೆಂದರೆ ಕಚ್ಚಿಸಿಕೊಂಡವನು ಯಾರೆಂಬುದನ್ನು 'ಅನ್ನು' ಎಂಬ ವಿಭಕ್ತಿ ಪ್ರತ್ಯಯ ಹಿಡಿದುಕೊಂಡಿದೆ. ಇಂಗ್ಲಿಷಿನ ನಾಮಪದಕ್ಕೆ ಅಂಥ ಪ್ರತ್ಯಯವಿಲ್ಲ. ಅಲ್ಲಿ ಸ್ಥಾನವೇ ವಿಭಕ್ತಿ. 'ದ ಡಾಗ್ ಬಿಟ್ ದ ಬಾಯ್' ಎಂಬುದನ್ನು ತಿರುಗಿಸಿ 'ದ ಬಾಯ್ ಬಿಟ್ ದ ಡಾಗ್' ಎಂದರೆ ಹುಡುಗನೇ ನಾಯಿಯನ್ನು ಕಚ್ಚಿದಂತಾಯಿತು! ಮಕ್ಕಳು ಇದನ್ನು ಕೇಳಿ ನಗುತ್ತಾರೆ. ನಕ್ಕ ಮೇಲೆ ಮರೆಯುವುದಿಲ್ಲ. ಕರ್ತೃ ಮೊದಲು, ಕ್ರಿಯೆ ನಡುವೆ, ಕರ್ಮ ಕೊನೆಗೆ: ಈ ಮೂರು ಮನೆಗಳನ್ನು ಹಲಗೆಯ ಮೇಲೆ ಬರೆದು, ದಿನಕ್ಕೆ ಐದು ವಾಕ್ಯಗಳನ್ನು ಅವುಗಳಲ್ಲಿ ಕೂಡಿಸುವುದು ಮೊದಲ ವಾರದ ಅಭ್ಯಾಸ.

ನಮ್ಮಲ್ಲಿ ನಾಮಪದದ ಹಿಂದೆ ಬರುವ ಪ್ರತ್ಯಯದ ಕೆಲಸವನ್ನು ಅಲ್ಲಿ ನಾಮಪದದ ಮುಂದೆ ನಿಲ್ಲುವ ಚಿಕ್ಕ ಪದಗಳು ಮಾಡುತ್ತವೆ. ನಮ್ಮ 'ಅಲ್ಲಿ' ಒಂದೇ. ಅವರಿಗೆ ಇನ್, ಆನ್, ಅಟ್ ಎಂದು ಮೂರು. ಪೆಟ್ಟಿಗೆಯಂತೆ ಸುತ್ತುವರಿದಿದ್ದರೆ ಇನ್, ಮೇಲ್ಮೈಗೆ ತಾಗಿದ್ದರೆ ಆನ್, ಒಂದು ಬಿಂದುವಿನಂತೆ ಗುರುತಿಸಿದರೆ ಅಟ್. ಕಾಲಕ್ಕೂ ಮೂರು: ಇನ್ ಮಾರ್ಚ್, ಆನ್ ಮಂಡೇ, ಅಟ್ ಟೆನ್ ಓ ಕ್ಲಾಕ್. ತಿಂಗಳಿಗೆ ಇನ್, ವಾರಕ್ಕೆ ಆನ್, ಗಡಿಯಾರಕ್ಕೆ ಅಟ್ ಎಂದು ಮಕ್ಕಳು ಹಾಡಿಕೊಳ್ಳುತ್ತ ಕಲಿಯಬಹುದು.

ಎ, ಆ್ಯನ್, ದ ಎಂಬ ಮೂರು ಪದಗಳು ಮಕ್ಕಳನ್ನು ಬಹಳ ಕಾಡುತ್ತವೆ. ಇವುಗಳನ್ನು ತಿಳಿಸಲು ನಾವು ಅಜ್ಜಿಯ ಕಥೆಯನ್ನು ಆಶ್ರಯಿಸುತ್ತೇವೆ. 'ಒಂದು ಊರಿನಲ್ಲಿ ಒಬ್ಬ ರಾಜನಿದ್ದನು. ಆ ರಾಜನಿಗೆ ಒಬ್ಬಳು ಮಗಳಿದ್ದಳು.' ಮೊದಲ ಸಲ ಬಂದಾಗ 'ಒಬ್ಬ', ಪರಿಚಯವಾದ ಮೇಲೆ 'ಆ'. ಇಂಗ್ಲಿಷಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ: ಮೊದಲು 'ಎ ಕಿಂಗ್', ಆಮೇಲೆ 'ದ ಕಿಂಗ್'. ಇನ್ನು ಆ್ಯನ್ ಎಲ್ಲಿ ಎಂಬ ಸಂಶಯ. ಅದು ಅಕ್ಷರವನ್ನು ನೋಡುವುದಿಲ್ಲ, ಉಚ್ಚಾರವನ್ನು ನೋಡುತ್ತದೆ. ಇದಕ್ಕೆ ನಮ್ಮ ಕನ್ನಡ ಲಿಪಿಗಿಂತ ಒಳ್ಳೆಯ ಒರೆಗಲ್ಲು ಮತ್ತೊಂದಿಲ್ಲ. ಪದವನ್ನು ಕನ್ನಡದಲ್ಲಿ ಬರೆದು ನೋಡಿರಿ. 'ಅವರ್' ಎಂದರೆ ಗಂಟೆ. ಇಂಗ್ಲಿಷಿನಲ್ಲಿ ಅದು ಎಚ್ ಅಕ್ಷರದಿಂದ ಆರಂಭವಾದರೂ ಕನ್ನಡದಲ್ಲಿ ಸ್ವರದಿಂದಲೇ ಆರಂಭ. ಆದುದರಿಂದ 'ಆ್ಯನ್ ಅವರ್'. 'ಯೂನಿವರ್ಸಿಟಿ' ಅಲ್ಲಿ ಯು ಅಕ್ಷರದಿಂದ ಆರಂಭವಾದರೂ ಇಲ್ಲಿ ಯಕಾರ. ಆದುದರಿಂದ 'ಎ ಯೂನಿವರ್ಸಿಟಿ'. ಒಂದೇ ಎಚ್ಚರಿಕೆ: ನಮ್ಮ ಕಡೆ 'ಎಗ್' ಎಂಬುದನ್ನು 'ಯೆಗ್' ಎನ್ನುವ ರೂಢಿಯಿದೆ. ಆ ಯಕಾರವನ್ನು ಬಿಟ್ಟು ಉಚ್ಚರಿಸಿ ನೋಡಿದರೆ 'ಆ್ಯನ್ ಎಗ್' ಎಂಬುದು ತಾನಾಗಿ ಬರುತ್ತದೆ.

ಕ್ರಿಯಾಪದದ ವಿಚಾರದಲ್ಲಿ ನಮ್ಮ ಭಾಷೆಯೇ ಸಿರಿವಂತ. ಬಂದನು, ಬಂದಳು, ಬಂದರು, ಬಂದಿತು ಎಂಬ ಎಲ್ಲಕ್ಕೂ ಅವರದು 'ಕೇಮ್' ಒಂದೇ. ಇಷ್ಟು ಹಗುರವಾದ ಕ್ರಿಯಾಪದಕ್ಕೆ ವರ್ತಮಾನಕಾಲದಲ್ಲಿ ಮಾತ್ರ ಒಂದು ಬಾಲವಿದೆ: ಅವನು, ಅವಳು, ಅದು ಎಂಬವುಗಳೊಡನೆ 'ಗೋಸ್', 'ಕಮ್ಸ್' ಎಂದು ಎಸ್ ಸೇರಬೇಕು. ಇಲ್ಲಿ ನಮ್ಮ ಮಕ್ಕಳು ಮಾಡುವ ಒಂದು ತಪ್ಪು ನಮಗೆ ಬಹಳ ಪ್ರಿಯವಾದುದು. 2011ರಲ್ಲಿ ಹತ್ತನೆಯ ತರಗತಿಯಲ್ಲಿದ್ದ ಒಬ್ಬ ರೈತನ ಮಗಳು ತನ್ನ ಪ್ರಬಂಧದಲ್ಲಿ 'ಮೈ ಫಾದರ್ ಆರ್ ಎ ಫಾರ್ಮರ್' ಎಂದು ಬರೆದಿದ್ದಳು. 'ಆರ್' ಹೊಡೆದು 'ಈಸ್' ಎಂದು ತಿದ್ದಿದೆವು. ಮರುದಿನವೂ ಆರ್. ಮತ್ತೆ ತಿದ್ದಿದಾಗ ಆಕೆ ಮೆಲ್ಲನೆ ಕೇಳಿದಳು: "ಅಜ್ಜಾರ, ಅಪ್ಪಗ ಈಸ್ ಅಂದ್ರ ಏಕವಚನ ಆಗೂದಿಲ್ಲೇನ್ರಿ?"

ಆ ಪ್ರಶ್ನೆಯಲ್ಲಿ ವ್ಯಾಕರಣವೂ ಇತ್ತು, ಮನೆತನದ ಸಂಸ್ಕಾರವೂ ಇತ್ತು. "ಇಲ್ಲವ್ವಾ, ಆ ಭಾಷಾದಾಗ ಗೌರವ ಕ್ರಿಯಾಪದದೊಳಗ ಇರೂದಿಲ್ಲ. ಪ್ಲೀಸ್, ಮೇ ಐ, ಸರ್ ಅನ್ನೂ ಮಾತಿನೊಳಗ ಇರ್ತದ. ಅಲ್ಲಿ ರಾಜಗೂ ಈಸ್, ಅಪ್ಪಗೂ ಈಸ್" ಎಂದು ಸಮಾಧಾನ ಹೇಳಿದೆವು. ಅಂದಿನಿಂದ ಆಕೆ ತಪ್ಪಲಿಲ್ಲ. ತಪ್ಪನ್ನು ತಿದ್ದುವುದಕ್ಕಿಂತ ತಪ್ಪಿನ ಕಾರಣವನ್ನು ತಿಳಿಸುವುದು ಮುಖ್ಯವೆಂದು ಶಿಕ್ಷಕ ಬಂಧುಗಳಲ್ಲಿ ನಾವು ವಿನಂತಿಸುವುದು ಇದಕ್ಕಾಗಿಯೇ.

ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಬರುವ ಇನ್ನು ಮೂರು ಸಂಗತಿಗಳಿವೆ. ಮೊದಲನೆಯದು ಪರೋಕ್ಷ ಕಥನ. ಕನ್ನಡದಲ್ಲಿ "ನಾಳೆ ಬರುತ್ತೇನೆ" ಎಂದು ಅವನು ಹೇಳಿದನು ಎಂದರೆ ಸಾಕು. 'ಎಂದು' ಎಂಬುದು ಇದ್ದ ಮಾತನ್ನು ಇದ್ದ ಹಾಗೆಯೇ ಹೊತ್ತು ತರುತ್ತದೆ. ಇಂಗ್ಲಿಷಿನಲ್ಲಿ ಮಾತನ್ನು ಹೇಳುವವನ ಕಡೆಯಿಂದ ನೋಡಬೇಕು. ಐ ಎಂಬುದು ಹಿ ಆಗುತ್ತದೆ, ವಿಲ್ ಎಂಬುದು ವುಡ್ ಆಗುತ್ತದೆ, ಟುಮಾರೊ ಎಂಬುದು ದ ನೆಕ್ಸ್ಟ್ ಡೇ ಆಗುತ್ತದೆ. ನಮ್ಮ 'ತಾನು ಮರುದಿನ ಬರುವುದಾಗಿ ಹೇಳಿದನು' ಎಂಬ ವಾಕ್ಯ ಇದಕ್ಕೆ ಹತ್ತಿರದ್ದು. ಪ್ರಶ್ನೆಯನ್ನು ಓದಿದೊಡನೆ ಮನಸ್ಸಿನಲ್ಲಿ ಈ 'ತಾನು' ರೂಪಕ್ಕೆ ತಿರುಗಿಸಿಕೊಂಡರೆ ಉತ್ತರ ಸುಲಭ. ಎರಡನೆಯದು ವಾಕ್ಯದ ಕೊನೆಯ ಬಾಲಪ್ರಶ್ನೆ. ನಮಗೆ ಎಲ್ಲದಕ್ಕೂ 'ಅಲ್ಲವೇ?' ಒಂದೇ. ಅವರಿಗೆ ವಾಕ್ಯದ ಕ್ರಿಯಾಪದವನ್ನು ನೋಡಿ ಬಾಲ ಬದಲಾಗುತ್ತದೆ. ವಾಕ್ಯ ಅಸ್ತ್ಯರ್ಥಕವಾಗಿದ್ದರೆ ಬಾಲ ನಾಸ್ತ್ಯರ್ಥಕ, ವಾಕ್ಯ ನಾಸ್ತ್ಯರ್ಥಕವಾಗಿದ್ದರೆ ಬಾಲ ಅಸ್ತ್ಯರ್ಥಕ. 'ಶಿ ಸಿಂಗ್ಸ್ ವೆಲ್, ಡಸಂಟ್ ಶಿ?' 'ಯು ಆರ್ ನಾಟ್ ಟಯರ್ಡ್, ಆರ್ ಯು?' ಮೂರನೆಯದು ಕರ್ಮಣಿ ಪ್ರಯೋಗ. 'ಕೊಲ್ಲಲ್ಪಟ್ಟನು', 'ಬರೆಯಲ್ಪಟ್ಟಿತು' ಎಂದು ಕನ್ನಡದಲ್ಲಿ ಯಾರೂ ಮಾತನಾಡುವುದಿಲ್ಲ. ಆದುದರಿಂದ ಮಕ್ಕಳಿಗೆ ಅದು ಕೃತಕವಾಗಿ ಕಾಣುತ್ತದೆ. ಸಂಸ್ಕೃತದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದು ಜೀವಂತ ಪ್ರಯೋಗ. ಅದರ ಉಪಯೋಗವೇನೆಂಬುದನ್ನು ಮುಂದೆ ಹೇಳುತ್ತೇವೆ.

ಇನ್ನು ಪದಸಂಪತ್ತು. ಇಂಗ್ಲಿಷಿನ ಕಾಗುಣಿತ ಏಕೆ ಉಚ್ಚಾರದಂತಿಲ್ಲ ಎಂದು ಮಕ್ಕಳು ಸಿಟ್ಟಿನಿಂದ ಕೇಳುತ್ತಾರೆ. ಆ ಸಿಟ್ಟು ನ್ಯಾಯವಾದುದೇ. ಅಲ್ಲಿ ಅಕ್ಷರಗಳು 26, ಧ್ವನಿಗಳು ಸುಮಾರು 44. ಸಾಲದುದಕ್ಕೆ, 1476ರಲ್ಲಿ ಕ್ಯಾಕ್ಸ್‌ಟನ್ ಎಂಬಾತ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ತೆರೆದ ಬಳಿಕ ಅಚ್ಚಿನ ರೂಪಗಳು ಕ್ರಮೇಣ ಗಟ್ಟಿಯಾಗುತ್ತ ಬಂದವು. ಜನರ ಬಾಯಿಯ ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. 'ನೈಫ್' ಪದದ ಮುಂದಿನ ಕೆ ಅಕ್ಷರ ಒಂದು ಕಾಲದಲ್ಲಿ ಉಚ್ಚರಿಸಲ್ಪಡುತ್ತಿತ್ತು. ಇಂದು ಬರಹದಲ್ಲಿ ಮಾತ್ರ ಉಳಿದಿದೆ. ಇದನ್ನು ತಿಳಿದ ಮಗುವಿಗೆ ಆ ಅಕ್ಷರದ ಮೇಲಿನ ಸಿಟ್ಟು ಇಳಿಯುತ್ತದೆ. ಆದರೆ ಕಾಗುಣಿತವನ್ನು ಕಣ್ಣಿನಿಂದ ಮಾತ್ರ ಕಲಿಯಲಾಗದು. ಕೈಯಿಂದ ಬರೆಯಬೇಕು, ಒಮ್ಮೆ ನೋಡಿ, ಪುಸ್ತಕ ಮುಚ್ಚಿ, ಬರೆದು, ಮತ್ತೆ ತೆರೆದು ಒಪ್ಪ ನೋಡಬೇಕು.

ಪದಗಳನ್ನು ಎಬಿಸಿಡಿ ಕ್ರಮದಲ್ಲಿ ಕಲಿಯುವುದು ವ್ಯರ್ಥ ಶ್ರಮ. ಅಮರಸಿಂಹನು ತನ್ನ ಕೋಶವನ್ನು ವರ್ಗಗಳಾಗಿ ವಿಂಗಡಿಸಿದನು: ವನೌಷಧಿವರ್ಗ, ಮನುಷ್ಯವರ್ಗ ಎಂದು ಮುಂತಾಗಿ. ಒಂದು ಪದ ನೆನಪಾದರೆ ಅದರ ನೆರೆಯ ಪದಗಳು ಕೈಹಿಡಿದುಕೊಂಡು ಬರುತ್ತವೆ. ಮಕ್ಕಳು ತಮ್ಮದೇ ಅಮರಕೋಶವನ್ನು ಕಟ್ಟಿಕೊಳ್ಳಲಿ: ಅಡುಗೆಮನೆಯ ವರ್ಗ, ಹೊಲದ ವರ್ಗ, ದೇಹದ ವರ್ಗ, ಆಸ್ಪತ್ರೆಯ ವರ್ಗ, ಬ್ಯಾಂಕಿನ ವರ್ಗ. ರೈತನ ಮಗುವಿಗೆ ಇಂಗ್ಲಿಷ್ ಪದಗಳೇ ಬಾರವು ಎನ್ನುವುದು ಸುಳ್ಳು. ಮೋಟರು, ಪೈಪು, ಸ್ಟಾರ್ಟರು, ವೈರು, ಟ್ರ್ಯಾಕ್ಟರು, ಲೋನು, ಚೆಕ್ಕು, ಸಬ್ಸಿಡಿ, ಟಿಕೀಟು, ಡಾಕ್ಟರು, ಇಂಜೆಕ್ಷನ್ನು: ಇವು ದಿನನಿತ್ಯ ಮನೆಯಲ್ಲಿ ಓಡಾಡುವ ಪದಗಳು. ಬಾಯಲ್ಲಿರುವ ಇವುಗಳ ಕಾಗುಣಿತವನ್ನು ಕಲಿತರೆ ಒಂದು ವಾರದಲ್ಲಿ ಐವತ್ತು ಪದಗಳು ಕೈಗೆ ಬಂದಂತೆ. ಬಳಿಕ ಪ್ರತ್ಯಯಗಳತ್ತ ನೋಡಬೇಕು. ದೊಡ್ಡ ಎಂಬುದಕ್ಕೆ 'ತನ' ಸೇರಿ ದೊಡ್ಡತನವಾಗುವಂತೆ, ಕೈಂಡ್ ಎಂಬುದಕ್ಕೆ 'ನೆಸ್' ಸೇರಿ ಕೈಂಡ್‌ನೆಸ್. ನ್ಯಾಯಕ್ಕೆ 'ಅ' ಸೇರಿ ಅನ್ಯಾಯವಾಗುವಂತೆ, ಹ್ಯಾಪಿಗೆ 'ಅನ್' ಸೇರಿ ಅನ್‌ಹ್ಯಾಪಿ. ಒಂದು ಬೇರು ತಿಳಿದರೆ ನಾಲ್ಕು ಟೊಂಗೆಗಳು ತಿಳಿಯುತ್ತವೆ.

ಬರವಣಿಗೆಯ ವಿಷಯಕ್ಕೆ ಬಂದರೆ, ಗೈಡುಗಳ ಪ್ರಬಂಧಗಳು ಮಕ್ಕಳಿಗೆ ಮಾಡುವ ಹಾನಿ ಸಣ್ಣದಲ್ಲ. ಅಂಚೆಚೀಟಿ ಸಂಗ್ರಹವನ್ನು ಕಣ್ಣಿನಿಂದ ಕಾಣದ ಮಗು, ತನ್ನ ಹವ್ಯಾಸ ಅಂಚೆಚೀಟಿ ಸಂಗ್ರಹವೆಂದು ಒಂದು ಪುಟ ಬರೆಯುತ್ತದೆ. ಮೂರನೆಯ ಸಾಲು ಮರೆತರೆ ಮುಂದಿನದೆಲ್ಲ ಮರೆತುಹೋಗುತ್ತದೆ. ಇದರ ಬದಲು, ತಾನು ಕಂಡದ್ದನ್ನು ಆರು ಚಿಕ್ಕ ವಾಕ್ಯಗಳಲ್ಲಿ ದಿನವೂ ಬರೆಯುವುದು ಒಳ್ಳೆಯದು. ಇಂದು ಕೊಳವೆಬಾವಿ ಕೆಟ್ಟಿತು. ಅಪ್ಪ ಪೇಟೆಗೆ ಹೋದರು. ಆಕಳು ಕರು ಹಾಕಿತು. ವಾಕ್ಯ ಚಿಕ್ಕದಿರಲಿ, ಸರಿಯಿರಲಿ. ಆರು ವಾಕ್ಯ ಸರಿಯಾಗಿ ಬರೆಯಬಲ್ಲವರು ಹನ್ನೆರಡನ್ನೂ ಬರೆಯಬಲ್ಲರು. ಪತ್ರಕ್ಕೆ ಮಾತ್ರ ನಿಶ್ಚಿತವಾದ ಚೌಕಟ್ಟಿದೆ: ವಿಳಾಸ, ದಿನಾಂಕ, ಯಾರಿಗೆ, ವಿಷಯ, ಸಂಬೋಧನೆ, ಒಕ್ಕಣೆ, ಕೊನೆಯ ವಂದನೆ. ಈ ಚೌಕಟ್ಟು ಕೈಗೆ ರೂಢಿಯಾಗುವವರೆಗೆ ವಾರಕ್ಕೆರಡು ಪತ್ರ ಬರೆಯಬೇಕು.

ಈ ಎಲ್ಲ ಅಭ್ಯಾಸ ಪರೀಕ್ಷೆಗಾಗಿ ಮಾತ್ರವೇ ಎಂದು ಕೇಳುವವರಿಗೆ ಒಂದು ಪ್ರಸಂಗವನ್ನು ಹೇಳಬೇಕು. ಮೇಲೆ ಹೇಳಿದ ಆ ಹುಡುಗಿಯ ಕಾಕಾ ಅದೇ 2011ರ ಬೇಸಗೆಯಲ್ಲಿ ತೀರಿಕೊಂಡಿದ್ದರು. ಚಿಗವ್ವನಿಗೆ ಎರಡು ಎಳೆಯ ಮಕ್ಕಳು. ಕಾಕಾನ ಹೆಸರಿನಲ್ಲಿ ಒಂದು ಚಿಕ್ಕ ವಿಮೆಯಿತ್ತು. ಅದರ ಹಣಕ್ಕೆ ಅರ್ಜಿ ಹಾಕಿದ ಮೇಲೆ ಒಂದು ಕಚೇರಿಯಿಂದ ಇಂಗ್ಲಿಷಿನಲ್ಲಿ ಪತ್ರ ಬಂದಿತು. ಪೇಟೆಯಲ್ಲಿ ಯಾರೋ ಅದನ್ನು ಓದಿ, 'ರಿಜೆಕ್ಟೆಡ್' ಎಂಬ ಪದವನ್ನು ಕಂಡು, "ನಿಮ್ಮ ಅರ್ಜಿ ತಿರಸ್ಕಾರ ಆಗೇದ" ಎಂದು ಹೇಳಿ ಕಳುಹಿಸಿದರು. ಮನೆಯವರು ಅತ್ತು, ಪತ್ರವನ್ನು ದೇವರ ಮನೆಯ ಗೂಡಿನಲ್ಲಿಟ್ಟು ಸುಮ್ಮನಾದರು.

ದಸರೆಯ ರಜೆಗೆ ಊರಿಗೆ ಹೋದ ಹುಡುಗಿ ಆ ಪತ್ರವನ್ನು ತೆಗೆದು ಓದಿದಳು. ಒಂದು ವಾಕ್ಯದ ಆರಂಭದಲ್ಲಿ 'ಅನ್‌ಲೆಸ್' ಎಂಬ ಪದವಿತ್ತು. ಅನ್‌ಲೆಸ್ ಎಂದರೆ 'ಇಲ್ಲದಿದ್ದರೆ' ಎಂದು ಹಿಂದಿನ ತಿಂಗಳಷ್ಟೇ ನಿಲಯದಲ್ಲಿ ಅಭ್ಯಾಸ ಮಾಡಿದ್ದಳು. ಅದರ ಹಿಂದೆ 'ಈಸ್ ಸಬ್ಮಿಟೆಡ್', ಕೊನೆಗೆ 'ವಿಲ್ ಬಿ ರಿಜೆಕ್ಟೆಡ್': ಎರಡೂ ಕರ್ಮಣಿ ಪ್ರಯೋಗಗಳು. ಯಾರು ತಿರಸ್ಕರಿಸುತ್ತಾರೆ ಎಂಬುದನ್ನು ಹೇಳದೆ ಮಾತನಾಡುವುದು ಕಚೇರಿಗಳ ಭಾಷೆ. ಅದಕ್ಕೆ ಕರ್ಮಣಿ ಪ್ರಯೋಗವೇ ಆಸರೆ. ಹುಡುಗಿ ಅಲ್ಲಿಂದ ಪತ್ರವನ್ನು ಹಿಡಿದುಕೊಂಡು ನೇರವಾಗಿ ನಮ್ಮಲ್ಲಿಗೆ ಬಂದಳು. "ಅಜ್ಜಾರ, ಇದು ತಿರಸ್ಕಾರ ಮಾಡೇವಿ ಅಂತಲ್ರಿ. ಪಾಸ್‌ಬುಕ್ಕಿನ ನಕಲು ಮೂವತ್ತು ದಿನದೊಳಗ ಕೊಡದಿದ್ರ ತಿರಸ್ಕಾರ ಆಗ್ತದ ಅಂತೈತಿ. ಹೌದಲ್ರೀ?" ನಾವು ಎರಡು ಸಲ ಓದಿ ನೋಡಿದೆವು. ಆಕೆ ಓದಿದ್ದು ಸರಿಯಾಗಿತ್ತು. ದಿನಾಂಕ ಎಣಿಸಿದಾಗ ಇನ್ನು ಆರು ದಿನಗಳು ಉಳಿದಿದ್ದವು.

ಅಂದು ಸಂಜೆ ಆಕೆ ಪಾಠದ ಪತ್ರಲೇಖನದ ಚೌಕಟ್ಟಿನಲ್ಲಿಯೇ, ಚಿಗವ್ವನ ಹೆಸರಿನಿಂದ ಉತ್ತರ ಬರೆದಳು. ಎಂಟು ವಾಕ್ಯಗಳು. ನಾವು ಒಂದು 'ದ' ಮಾತ್ರ ಸೇರಿಸಿದೆವು. ಪಾಸ್‌ಬುಕ್ಕಿನ ನಕಲಿನೊಡನೆ ಅದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಲಾಯಿತು. ಮೂರು ತಿಂಗಳ ತರುವಾಯ ಹಣ ಚಿಗವ್ವನ ಖಾತೆಗೆ ಬಂದಿತು. ದೊಡ್ಡ ಮೊತ್ತವೇನಲ್ಲ, ಆದರೆ ಆ ವರ್ಷ ಆಕೆ ತನ್ನ ಮಕ್ಕಳನ್ನು ಶಾಲೆ ಬಿಡಿಸಲಿಲ್ಲ. ಪರೀಕ್ಷೆಗೆ ಆ ಹುಡುಗಿ ಹೋದಾಗ ಆಕೆಯ ಮುಖದಲ್ಲಿ ಇಂಗ್ಲಿಷಿನ ಅಂಜಿಕೆ ಇರಲಿಲ್ಲ. ಎಲ್ಲಕ್ಕಿಂತ ಕಠಿಣವಾದ ಪ್ರಶ್ನಪತ್ರಿಕೆಯನ್ನು ಆಕೆ ದಸರೆಯಲ್ಲಿಯೇ ಬಿಡಿಸಿದ್ದಳು.

ಈಗ ಕೈಯಲ್ಲಿರುವ ಫೋನೇ ಅನುವಾದ ಮಾಡಿಕೊಡುತ್ತದೆ, ಇಷ್ಟೆಲ್ಲ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಫೋನಿನ ಸಹಾಯವನ್ನು ನಾವು ಬೇಡವೆನ್ನುವುದಿಲ್ಲ. ಉಚ್ಚಾರ ಕೇಳಲು, ಪದದ ಅರ್ಥ ನೋಡಲು ಅದು ಒಳ್ಳೆಯ ಸಾಧನ. ಆದರೆ ಪರೀಕ್ಷೆಯ ಕೋಣೆಗೆ ಅದು ಬರುವುದಿಲ್ಲ. ಅನುವಾದ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೂ ಓದುವವನಿಗೆ ಎರಡೂ ಭಾಷೆಗಳ ಕಟ್ಟು ತಿಳಿದಿರಬೇಕು.

ಕೊನೆಯದಾಗಿ, ಮನೆಯಲ್ಲಿ ನಡೆಸಬಹುದಾದ ಕ್ರಮವೊಂದನ್ನು ಸೂಚಿಸುತ್ತೇವೆ. ದಿನಕ್ಕೆ ಒಂದು ಗಂಟೆ ಸಾಕು. ಮೊದಲ ಹದಿನೈದು ನಿಮಿಷ ಪಾಠವನ್ನು ಗಟ್ಟಿಯಾಗಿ ಓದುವುದು. ಕಿವಿಗೆ ಬೀಳದ ಭಾಷೆ ನಾಲಿಗೆಗೆ ಬರುವುದಿಲ್ಲ. ಮುಂದಿನ ಹದಿನೈದು ನಿಮಿಷ ಒಂದು ವರ್ಗದ ಹತ್ತು ಪದಗಳು. ಮತ್ತೆ ಹದಿನೈದು ನಿಮಿಷ ವ್ಯಾಕರಣದ ಒಂದೇ ನಿಯಮ, ಎರಡು ಬೇಡ. ಉಳಿದ ಹದಿನೈದು ನಿಮಿಷ ಆರು ವಾಕ್ಯಗಳ ಬರವಣಿಗೆ. ಜೊತೆಗೆ ಒಂದು ತಪ್ಪುಗಳ ನೋಟುಬುಕ್ಕು ಇರಲಿ: ಎಡಬದಿಗೆ ತಾನು ಬರೆದ ತಪ್ಪು, ಬಲಬದಿಗೆ ಸರಿ, ಕೆಳಗೆ ಕಾರಣ. ಪರೀಕ್ಷೆಯ ಹಿಂದಿನ ದಿನ ಗೈಡನ್ನು ಬದಿಗಿಟ್ಟು ಆ ಪುಸ್ತಕವನ್ನು ಮಾತ್ರ ಓದಲಿ. ಮೂರು ತಿಂಗಳು ಹೀಗೆ ನಡೆದರೆ 900 ಪದಗಳು, 540 ವಾಕ್ಯಗಳು ಮಗುವಿನ ಕೈಯಿಂದ ಹಾದುಹೋಗಿರುತ್ತವೆ.

ತಾಯಂದಿರೇ, ನಿಮಗೆ ಇಂಗ್ಲಿಷು ಬಾರದೆಂದು ಹಿಂಜರಿಯಬೇಡಿರಿ. ಪುಸ್ತಕ ಹಿಡಿದು ಕನ್ನಡ ಅರ್ಥವನ್ನು ನೀವು ಕೇಳಿರಿ, ಇಂಗ್ಲಿಷ್ ಪದವನ್ನು ಮಗು ಹೇಳಲಿ. ತಂದೆಯವರೇ, ನಿಮಗೆ ಬಂದ ಒಂದು ಇಂಗ್ಲಿಷ್ ಪತ್ರವನ್ನೋ ಬ್ಯಾಂಕಿನ ಚೀಟಿಯನ್ನೋ ಮಗುವಿನ ಮುಂದಿಟ್ಟು "ಇದನ್ನ ಓದಿ ಹೇಳಪ್ಪಾ" ಎನ್ನಿರಿ. ತಪ್ಪಿದರೆ ಗದರಬೇಡಿರಿ. ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಅವಕಾಶವಿದೆ. ಒಮ್ಮೆ ಎಡವಿದ ಮಗುವಿಗೆ ದಾರಿ ಮುಚ್ಚಿಲ್ಲ. ಮಕ್ಕಳೇ, ಕನ್ನಡವನ್ನು ಚೆನ್ನಾಗಿ ಬಲ್ಲಿರಾದರೆ ಅದರ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಭಾಷೆಯನ್ನು ಮುಟ್ಟಬಲ್ಲಿರಿ. ಇಂದು ಸಂಜೆಯೇ ಆರು ವಾಕ್ಯಗಳನ್ನು ಬರೆಯಿರಿ. ನಿಮಗೆ ಶುಭವಾಗಲಿ.